ಓಡದ ಕಳ್ಳನ ಹೆಜ್ಜೆ

"ಹುಷಾರು, ಆ ಕಡೆ ಜಲ್ಲಿ ಇದೆ" ಎಂದು ಸೌಂಡ್ ಮಾಮ ಹೇಳಿ ಮುಗಿಸುವ ಮೊದಲೇ ಅಮ್ಮನ ದೇಹ ಹೊತ್ತವರಲ್ಲಿ ಒಬ್ಬ ಜಲ್ಲಿ ತುಂಬಿದ ಹೊಂಡಕ್ಕೆ ಕಾಲಿಟ್ಟ. ಕರಕರ ಸದ್ದಾಯಿತು. ಹೊತ್ತಿದ್ದ ನಾಲ್ವರೂ ಏನೋ ಮಹಾಪರಾಧವಾದಂತೆ ನಿಂತಲ್ಲೇ ನಿಂತರು. ನಾಲ್ವರೂ ಅದೇ ಸ್ಟುಡಿಯೋದವರು. ಈ ಕೋಣೆಯಲ್ಲಿ ಬೇಡದ ಸದ್ದು ಮಾಡಿ ಅಮ್ಮನ ಕೈಲಿ ಬೈಸಿಕೊಂಡವರೇ.

"ನಡೀರಿ, ಪರವಾಗಿಲ್ಲ. ಇವತ್ತು ಯಾರೂ ಬೈಯಲ್ಲ" ಎಂದಳು ಮಗಳು.

ಅಮ್ಮನನ್ನು ತಂದದ್ದು ಅವಳು ಬದುಕಿಡೀ ದುಡಿದ ಕೋಣೆಗೆ. ಸಿನಿಮಾಗಳಿಗೆ ಸದ್ದು ಕೂಡಿಸುವ ಕೋಣೆ ಅದು. ತೆರೆಯ ಮೇಲೆ ಯಾರಾದರೂ ನಡೆದರೆ ಇಲ್ಲಿ ಅಮ್ಮ ನಡೆಯುತ್ತಿದ್ದಳು. ಅಲ್ಲಿ ಬಾಗಿಲು ತೆರೆದರೆ ಇಲ್ಲಿ ಅಮ್ಮ ಒಂದು ಹಳೇ ಪೆಟ್ಟಿಗೆಯ ಕೀಲನ್ನು ಕಿರುಗುಟ್ಟಿಸುತ್ತಿದ್ದಳು. ನೆಲವನ್ನು ಪಟ್ಟೆ ಪಟ್ಟೆಯಾಗಿ ಪಾಲು ಮಾಡಿದ್ದರು: ಒಂದು ಕಡೆ ಕಲ್ಲುಚಪ್ಪಡಿ, ಪಕ್ಕದಲ್ಲಿ ಹಲಗೆ, ಅದರಾಚೆ ಜಲ್ಲಿ, ಮರಳು, ಒಣಗಿದ ಎಲೆ. ರಾಜನಿಗೂ ಭಿಕ್ಷುಕನಿಗೂ, ಮದುಮಗಳಿಗೂ ಕೊಲೆಗಾರನಿಗೂ ಅಮ್ಮನದೇ ಕಾಲು. ಸಿನಿಮಾದವರ ಬಾಯಲ್ಲಿ ಅವಳು ಹೆಜ್ಜೆಯಕ್ಕ. ಅವಳ ನಿಜವಾದ ಹೆಸರು ಸಂಬಳ ಕೊಡುವವನಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿತ್ತೋ ಇಲ್ಲವೋ.

ಎತ್ತರದ ಮೇಜಿನ ಮೇಲೆ ಅವಳನ್ನು ಮಲಗಿಸಿ, ಬಿಳಿ ಹೊದಿಕೆ ಸರಿಮಾಡಿ, ಹೂವಿಟ್ಟು, ಬಂದವರು ಕೂರಲೆಂದು ಕುರ್ಚಿಗಳನ್ನು ಸಾಲಾಗಿ ಹಾಕಿದ್ದಾಯಿತು. ಬಂದವರು ಮಾತ್ರ ಯಾರೂ ಇಲ್ಲ. ಅಮ್ಮನ ಹೆಜ್ಜೆಗಳನ್ನು ರೆಕಾರ್ಡ್ ಮಾಡುತ್ತಿದ್ದ ಸೌಂಡ್ ಮಾಮ ದಪ್ಪ ಬಾಗಿಲನ್ನು ಮುಚ್ಚಿ ಬಂದು ಒಂದು ಮೂಲೆಯಲ್ಲಿ ತಲೆ ತಗ್ಗಿಸಿ ಕೂತ. ಹೊತ್ತು ಸಾಗುತ್ತಲೇ ಇತ್ತು. ಮಗಳು ಖಾಲಿ ಕುರ್ಚಿಗಳನ್ನು ಮತ್ತೆ ಮತ್ತೆ ಎಣಿಸಿದಳು.

"ಬೆಳಿಗ್ಗೆಯಿಂದ ಫೋನಿನ ಮೇಲೆ ಫೋನು, ಬರ್ತೀವಿ ಬರ್ತೀವಿ ಅಂದ್ರು. ಎಲ್ಲಿ?" ಎಂದಳು ಚಿಕ್ಕಮ್ಮ, ಅಮ್ಮನ ಒಬ್ಬಳೇ ತಂಗಿ. ದುಃಖ ಬಂದಾಗ ಸಿಟ್ಟಾಗುವುದು ಅವಳ ಸ್ವಭಾವ. "ಈ ಸಿನಿಮಾದೋರ್ನ ನಂಬಬೇಡ ಅಂತ ನಾನು ಅವತ್ತೇ ಬಡ್ಕೊಂಡೆ. ಹೋಗ್ಲಿ, ಅಲ್ಲಿ ಅವಳು ಮಾಡ್ತಿದ್ದದ್ದಾದ್ರೂ ಏನು? ನಡೆಯೋದು! ನಡೆಯೋಕೂ ಸಂಬಳ ಕೊಡ್ತಾರಾ ಅಂತ ನಮ್ಮನೇಲಿ ಎಲ್ಲಾ ನಗೋರು."

"ಚಿಕ್ಕಮ್ಮ, ಸ್ವಲ್ಪ ಸುಮ್ನಿರ್ತೀಯಾ?"

"ನಾನೇನು ಸುಳ್ಳು ಹೇಳಿದ್ನಾ? ನೋಡು, ಒಂದು ನರಪಿಳ್ಳೆ ಇಲ್ಲ."

ಸೌಂಡ್ ಮಾಮ ಥಟ್ಟನೆ ತಲೆಯೆತ್ತಿದ. ಅವನ ಮುಖ ಬಿಳಿಚಿಕೊಂಡಿತು. "ಅಯ್ಯೋ ನನ್ನ ಬುದ್ಧಿಗಿಷ್ಟು!" ಎಂದವನೇ ಎದ್ದು ಓಡಿಹೋಗಿ ಬಾಗಿಲನ್ನು ಎಳೆದ.

ಹೊರಗೆ ಉದ್ದನೆಯ ಓಣಿಯ ತುಂಬ ಜನ. ಗೋಡೆಗೆ ಒತ್ತಿಕೊಂಡು, ಮೆಟ್ಟಿಲಿನ ಮೇಲೆ, ಅಂಗಳದವರೆಗೂ ನಿಂತಿದ್ದರು. ಸಂಕಲನಕಾರರು, ಮೈಕು ಹಿಡಿಯುವವರು, ಡಬ್ಬಿಂಗ್ ಕಂಠದವರು, ಒಂದು ಕಾಲದ ಹೀರೋ, ಅವನನ್ನು ಹೊಡೆಯುತ್ತಿದ್ದ ವಿಲನ್ನು. ಎಲ್ಲರ ಕೈಲೂ ಹೂವು. ಒಬ್ಬರೂ ಕೆಮ್ಮುತ್ತಿರಲಿಲ್ಲ. ಬಾಗಿಲಿನ ಮೇಲೆ, ಒಳಗೆ ರೆಕಾರ್ಡಿಂಗ್ ನಡೆಯುತ್ತಿದೆ ಎನ್ನುವ ಕೆಂಪು ದೀಪ ಉರಿಯುತ್ತಿತ್ತು. ಬಾಗಿಲು ಮುಚ್ಚಿದೊಡನೆ ಅದರ ಗುಂಡಿ ಒತ್ತುವುದು ಮಾಮನ ಕೈಗೆ ಅಂಟಿಹೋದ ರೂಢಿ. ಕೆಂಪು ದೀಪ ಉರಿಯುವಾಗ ಒಳಗೆ ಕಾಲಿಡದೆ ಇರುವುದು ಇವರೆಲ್ಲರ ರೂಢಿ. ಸಾವಿನ ಮನೆಯಾದರೇನಂತೆ, ಹೆಜ್ಜೆಯಕ್ಕನ ಕೋಣೆಗೆ ಕೆಂಪು ದೀಪವಿದ್ದಾಗ ನುಗ್ಗುವ ಎದೆಗಾರಿಕೆ ಯಾರಿಗೂ ಇರಲಿಲ್ಲ.

ಮಗಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಚಿಕ್ಕಮ್ಮ ಓಣಿಯನ್ನೊಮ್ಮೆ, ಅಕ್ಕನನ್ನೊಮ್ಮೆ ನೋಡಿ, ಸೆರಗಿನಿಂದ ಮೂಗೊರೆಸಿಕೊಂಡಳು.

ಅವರು ಒಬ್ಬೊಬ್ಬರಾಗಿ ಒಳಗೆ ಬಂದರು. ಜಲ್ಲಿಯನ್ನು, ಎಲೆಯನ್ನು ತಪ್ಪಿಸಿ, ಯಾವುದೂ ಸದ್ದಾಗದಂತೆ ನೋಡಿ ನೋಡಿ ಕಾಲಿಟ್ಟರು. ಆ ಕೋಣೆಯ ಗೋಡೆಗಳು ಸದ್ದನ್ನು ಹೀರುವಂಥವು. ಅತ್ತರೂ ಅಳು ಬಾಯಿಯಿಂದ ಹೊರಬಿದ್ದಲ್ಲೇ ಆರಿಹೋಗುತ್ತಿತ್ತು. ಹಳೆಯ ಹೀರೋ ಮಗಳ ಕೈ ಹಿಡಿದುಕೊಂಡು, "ನಿಮ್ಮಮ್ಮ ಇಲ್ದೇ ಹೋಗಿದ್ರೆ ನನಗೆ ನಡೆಯೋಕೇ ಬರಲ್ಲ ಅಂತ ಜನಕ್ಕೆ ಗೊತ್ತಾಗಿಬಿಡ್ತಿತ್ತಮ್ಮ. ನಾನು ಬಂದಾಗ ಥಿಯೇಟ್ರಲ್ಲಿ ಬೀಳ್ತಿದ್ದ ಶಿಳ್ಳೆಯಲ್ಲಿ ಅರ್ಧ ಅಕ್ಕಂದು" ಎಂದ. ಮಗಳ ಎದೆ ಉಬ್ಬಿತು. ಆದರೆ ಅವಳ ಕಣ್ಣು ಅವನ ಹೆಗಲಿನಾಚೆ ಇನ್ನೊಬ್ಬರನ್ನು ಹುಡುಕುತ್ತಿತ್ತು.

ಅವರು ಬಂದಿದ್ದರು. ಬಿಳಿ ಗಡ್ಡ, ಊರುಗೋಲು, ಹೆಗಲಿಗೆ ಶಾಲು. 'ಓಡದ ಕಳ್ಳ' ಸಾಕ್ಷ್ಯಚಿತ್ರದ ನಿರ್ದೇಶಕರು.

*

ಅಮ್ಮ ಮನೆಯಲ್ಲಿ ಸದ್ದಿಲ್ಲದ ಹೆಂಗಸು. ಪಾತ್ರೆಗೆ ಮುಚ್ಚಳ ಹಾಕಿದರೂ ಕೇಳಿಸುತ್ತಿರಲಿಲ್ಲ. ದಿನವಿಡೀ ಸದ್ದು ಮಾಡಿ ಬಂದವಳಿಗೆ ಮನೆಯಲ್ಲಾದರೂ ಮೌನ ಬೇಕಾಗಿತ್ತೋ ಏನೋ. ಅವಳ ಪಾಲಿನ ಸದ್ದನ್ನೂ ಸೇರಿಸಿ ಮಾಡುತ್ತಿದ್ದವಳು ಮಗಳು. ಮುಂದೆ ಅವಳು ಶಾಲೆಯ ಟೀಚರಾದಾಗ, ಪಕ್ಕದ ತರಗತಿಯವರಿಗೂ ಪುಕ್ಕಟೆಯಾಗಿ ಪಾಠ ಕೇಳಿಸುತ್ತದೆಂದು ಎಲ್ಲರೂ ತಮಾಷೆ ಮಾಡುತ್ತಿದ್ದರು.

ಮಗಳು ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಒಂದು ಸಂಜೆ 'ಓಡದ ಕಳ್ಳ' ಟಿವಿಯಲ್ಲಿ ಬಂತು. ಬೀದಿಗೆ ಬೀದಿಯೇ ಟಿವಿಯ ಮುಂದೆ ಕೂತಿತ್ತು. ಆ ಕಳ್ಳನ ಕತೆ ಯಾರಿಗೆ ಗೊತ್ತಿಲ್ಲ! ಹಾಡಹಗಲಲ್ಲಿ ಒಬ್ಬನೇ ಬ್ಯಾಂಕಿಗೆ ಬಂದ. ಚೀಟಿ ತೋರಿಸಿ ಹಣ ತೆಗೆದುಕೊಂಡ. ಬಂದ ಹಾಗೆಯೇ ನಡೆದುಕೊಂಡು ಹೊರಟುಹೋದ. ಓಡಲಿಲ್ಲ, ಹಿಂತಿರುಗಿ ನೋಡಲಿಲ್ಲ. ಓಡದವನನ್ನು ಕಳ್ಳನೆಂದು ಯಾರೂ ತಿಳಿಯಲೇ ಇಲ್ಲವಂತೆ, ಕಾವಲಿನವನೇ ಬಾಗಿಲು ತೆಗೆದುಕೊಟ್ಟನಂತೆ. ಕೆಲವು ಕಾಲದ ಮೇಲೆ ಸಿಕ್ಕಿಬಿದ್ದು ಜೈಲಿಗೆ ಹೋದ, ಆ ಮಾತು ಬೇರೆ. ಬ್ಯಾಂಕಿನ ಕ್ಯಾಮೆರಾದಲ್ಲಿ ಅವನು ನಡೆದು ಬಂದುಹೋಗುವ ಮಸುಕು ಚಿತ್ರ ಸಿಕ್ಕಿತ್ತು. ಅದೇ ಆ ಸಾಕ್ಷ್ಯಚಿತ್ರದ ಜೀವ. ಚಿತ್ರ ಶುರುವಾಗುವ ಮೊದಲು ಕಪ್ಪು ತೆರೆಯ ಮೇಲೆ ಬಿಳಿ ಅಕ್ಷರ ಬರುತ್ತಿತ್ತು: 'ಇದರಲ್ಲಿ ಕಟ್ಟಿದ ದೃಶ್ಯವಿಲ್ಲ, ಕಟ್ಟಿದ ಸದ್ದಿಲ್ಲ.' ಆಮೇಲೆ ಆ ಹೆಜ್ಜೆಗಳು. ಕಲ್ಲಿನ ನೆಲದ ಮೇಲೆ ಭಾರವಾಗಿ, ಬಿಡುಬೀಸಾಗಿ, ಯಾರ ಹಂಗೂ ಇಲ್ಲದೆ ಬೀಳುವ ಹೆಜ್ಜೆಗಳು.

ಮಗಳು ಬಾಯಿಬಿಟ್ಟುಕೊಂಡು ನೋಡುತ್ತಿದ್ದಳು. ಪಕ್ಕದಲ್ಲಿ ಅಮ್ಮ ಹರಿದ ಕಾಲುಚೀಲ ಹೊಲಿಯುತ್ತಿದ್ದಳು, ಟಿವಿಯ ಕಡೆಗೆ ಕಣ್ಣೇ ಇರಲಿಲ್ಲ. ಮಗಳ ದೃಷ್ಟಿ ಯಾಕೋ ಅಮ್ಮನ ಪಾದದ ಮೇಲೆ ಬಿತ್ತು. ಕಳ್ಳನ ಒಂದೊಂದು ಹೆಜ್ಜೆಗೂ ಅಮ್ಮನ ಹಿಮ್ಮಡಿ ಒಂದೊಂದು ಸಲ ನೆಲವನ್ನು ಒತ್ತುತ್ತಿತ್ತು. ಹೆಜ್ಜೆ ಕೇಳಿಸಿದ ಮೇಲಲ್ಲ, ಕೂದಲೆಳೆಯಷ್ಟು ಮೊದಲು.

"ಅಮ್ಮಾ! ಅದು ನೀನಾ?"

ಅಮ್ಮನ ಕೆನ್ನೆ ಕೆಂಪಾಯಿತು. ಕದ್ದು ಸಿಕ್ಕಿಬಿದ್ದವರ ಹಾಗೆ ಪಾದವನ್ನು ಸೀರೆಯೊಳಗೆ ಎಳೆದುಕೊಂಡಳು. "ಮೆಲ್ಲಗೆ ಮಾತಾಡೇ."

"ಕಟ್ಟಿದ ಸದ್ದಿಲ್ಲ ಅಂತ ಹಾಕಿದಾರಲ್ಲ!"

"ಹಾಕಿದಾರೆ. ಅಕ್ಷರ ಬರೆಸಿ ಆಗ್ಹೋಗಿತ್ತು, ಏನ್ಮಾಡೋದು?"

ಮಗಳು ಕುಣಿದಾಡಿಬಿಟ್ಟಳು. ಊರೆಲ್ಲ ಬಾಯಿಗೆ ಬೆರಳಿಟ್ಟು ಕೇಳುವ ಹೆಜ್ಜೆ ತನ್ನ ಅಮ್ಮನದು! ನಾಳೆ ಶಾಲೆಯಲ್ಲಿ ಹೇಳಿದರೆ ಒಬ್ಬೊಬ್ಬರ ಮುಖ ಹೇಗಾಗಬಹುದು! ಅಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಅವಳ ಎರಡೂ ಕೈ ಹಿಡಿದುಕೊಂಡಳು.

"ನಾನಿರೋವರೆಗೂ ಬಾಯಿಬಿಡಬೇಡ. ಮಾತು ಕೊಟ್ಟಿದೀನಿ."

"ನಿಂಗೆ ಹೆಮ್ಮೆ ಇಲ್ವಾ ಅಮ್ಮ?"

"ಇಲ್ದೇ ಏನು? ಬೇಕಾದಷ್ಟಿದೆ. ನಡೆದೋಳು ಇವಳು ಅಂತ ಜನಕ್ಕೆ ಗೊತ್ತಾದ್ರೆ, ಆ ಕಳ್ಳ ಅಲ್ಲೇ ನಿಂತುಬಿಡ್ತಾನೆ ಕಣೇ. ಯಾರಿಗೂ ಗೊತ್ತಾಗದ ಹಾಗೆ ನಡೆದಿದೀನಲ್ಲ, ಅದೇ ನನ್ನ ಹೆಮ್ಮೆ."

ಮಗಳಿಗೆ ಆ ಮಾತು ಅವತ್ತೂ ಒಪ್ಪಿಗೆಯಾಗಲಿಲ್ಲ, ಆಮೇಲೂ ಆಗಲಿಲ್ಲ. ಚಿತ್ರಕ್ಕೆ ಪ್ರಶಸ್ತಿ ಬಂದಾಗಲೆಲ್ಲ, ಪತ್ರಿಕೆಯವರು ಆ ಹೆಜ್ಜೆಗಳನ್ನು ಹೊಗಳಿದಾಗಲೆಲ್ಲ, ಮಾತು ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿತ್ತು. 'ನಾನಿರೋವರೆಗೂ' ಎಂಬುದನ್ನು ಮಾತ್ರ ಅವಳು ಗಟ್ಟಿಯಾಗಿ ನೆನಪಿಟ್ಟುಕೊಂಡಿದ್ದಳು.

*

ಚಹಾ ಕಾಯಿಸುವ ಸಣ್ಣ ಕೋಣೆಗೆ ಅವಳು ನಿರ್ದೇಶಕರನ್ನು ಕರೆದುಕೊಂಡು ಹೋದಳು.

"ಸರ್, ನೀವು ಅಮ್ಮನ ಬಗ್ಗೆ ಮಾತಾಡ್ತೀರಂತೆ."

"ಮಾತಾಡ್ದೇ ಇರ್ತೀನಾ ಮಗಳೇ?"

"ಹಾಗಿದ್ರೆ ಆ ಹೆಜ್ಜೆ ಅಮ್ಮಂದು ಅಂತ ಹೇಳಿ. ಇವತ್ತೇ, ಇವರೆಲ್ಲರ ಮುಂದೆ."

ಅವರ ಕೈಯ ಲೋಟ ಬಾಯಿಯ ಬಳಿ ಹೋಗಿದ್ದು ಅಲ್ಲೇ ನಿಂತಿತು. "ನಿನಗೆ ಗೊತ್ತಾ?"

"ಚಿಕ್ಕೋಳಿದ್ದಾಗಿಂದ."

ಅವರು ಲೋಟವನ್ನು ಕೆಳಗಿಟ್ಟರು. ವಯಸ್ಸಾದವರು ಒಮ್ಮೆಗೇ ಇನ್ನಷ್ಟು ವಯಸ್ಸಾದವರಂತೆ ಕಂಡರು. "ಮುಂದಿನ ತಿಂಗಳು ಆ ಚಿತ್ರದ ಹೊಸ ಪ್ರಿಂಟ್ ತೋರಿಸ್ತಾ ಇದಾರೆ. ಮೊದಲಿಗೇ ಬರೋದು ಅದೇ ಅಕ್ಷರ. ಕಟ್ಟಿದ ಸದ್ದಿಲ್ಲ. ಈಗ ಹೋಗಿ ಅದು ಸುಳ್ಳು ಅಂದ್ರೆ, ಉಳಿದಿದ್ದೆಲ್ಲಾ ನಿಜ ಅಂತ ಯಾರು ನಂಬ್ತಾರೆ? ನಾನು ಮಾಡಿದ್ದಕ್ಕೆಲ್ಲಾ ಮಸಿ ಬಳಿದ ಹಾಗಾಗತ್ತೆ."

"ಅಮ್ಮ ಕೊಟ್ಟ ಮಾತು ಉಳಿಸ್ಕೊಂಡ್ರು. ನಾನಿರೋವರೆಗೂ ಅಂದಿದ್ರು, ಅದು ನಿನ್ನೆಗೆ ಮುಗೀತು. ನೀವು ಹೇಳ್ದೇ ಇದ್ರೆ ನಾನು ಹೇಳ್ತೀನಿ. ನನ್ನ ಗಂಟಲು ನಿಮಗೆ ಗೊತ್ತಲ್ಲ?"

ಅವರು ಲೋಟವನ್ನು ಇನ್ನಷ್ಟು ದೂರಕ್ಕೆ ಸರಿಸಿದರು. ಊರುಗೋಲನ್ನು ಹುಡುಕಿಕೊಂಡು ಹೊರಟುಹೋದರು. ತಾಯಿಯನ್ನು ಒಳಗೆ ಮಲಗಿಸಿಟ್ಟು ಹಿರಿಯರೊಬ್ಬರಿಗೆ ಬೆದರಿಕೆ ಹಾಕಿದೆನಲ್ಲಾ ಎಂದು ಮಗಳಿಗೆ ನಾಚಿಕೆಯಾಯಿತು. ಆದರೂ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಮನಸ್ಸಾಗಲಿಲ್ಲ.

*

ಮಗಳು ಹುಟ್ಟುವ ಮೊದಲಿನ ಮಾತು. ಕಳ್ಳ ಆಗ ಜೈಲಿನಲ್ಲಿದ್ದ. ಜೈಲಿಗೇ ಹೋಗಿ ನಿರ್ದೇಶಕರು ಅವನನ್ನು ಮಾತಾಡಿಸಿಕೊಂಡು ಬಂದಿದ್ದರು. ಬ್ಯಾಂಕಿನ ಚಿತ್ರ ಮಾತ್ರ ಮೂಕವಾಗಿತ್ತು. ಎತ್ತರದಿಂದ ತೆಗೆದ ಅದರಲ್ಲಿ ಕಳ್ಳನ ತಲೆ, ಭುಜ ಕಾಣುತ್ತಿತ್ತೇ ಹೊರತು ಕಾಲು ಕಾಣುತ್ತಿರಲಿಲ್ಲ. ಸದ್ದಿಲ್ಲದೆ ತೋರಿಸಿದರೆ ಯಾರೋ ಒಬ್ಬ ಮನುಷ್ಯ ಪಾಸ್‌ಬುಕ್ ಬರೆಸಲು ಬಂದುಹೋದ ಹಾಗೆ ಸಪ್ಪೆ.

ಚಿತ್ರ ಸಂಜೆಯೊಳಗೆ ಕಳುಹಿಸಬೇಕಾಗಿತ್ತು. ನಿರ್ದೇಶಕರು, ಆಗಿನ್ನೂ ಕೂದಲು ಕೆದರಿದ ಹುಡುಗ, ಸ್ಟುಡಿಯೋದ ಎತ್ತರದ ಗಂಡಸರನ್ನೆಲ್ಲ ಕಲ್ಲಿನ ಪಟ್ಟೆಯ ಮೇಲೆ ನಡೆಸಿ ನೋಡಿದರು. ಒಬ್ಬ ಕಳ್ಳನ ಹಾಗೆ ನಡೆದ. ಇನ್ನೊಬ್ಬ ಪೊಲೀಸಿನ ಹಾಗೆ ನಡೆದ. "ಕಳ್ಳತನ ಮಾಡಿ ಹೆದರದೆ ಇರೋನು ಬೇಕು ನನಗೆ!" ಎಂದು ಅವರು ತಲೆ ಚಚ್ಚಿಕೊಂಡರು. ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ಅದನ್ನೆಲ್ಲ ನೋಡುತ್ತಿದ್ದ ಅಮ್ಮ, "ಮಾಮಂದು ಶೂ ಕೊಡಿ ಇಲ್ಲಿ" ಎಂದಳು.

ಸೌಂಡ್ ಮಾಮನ ಚರ್ಮದ ಶೂಗಳ ಮೂತಿಗೆ ಬಟ್ಟೆ ತುರುಕಿ ಅವಳು ಕಾಲಿಗೇರಿಸಿದಳು. ನಿರ್ದೇಶಕರು ಮಾಮನನ್ನು ಬಿಟ್ಟು ಉಳಿದವರನ್ನೆಲ್ಲ ಹೊರಗೆ ಕಳಿಸಿ, ನಂಬಿಕೆಯಿಲ್ಲದೆ ಬೆನ್ನು ಹಾಕಿ ನಿಂತು ಕಿವಿಗೆ ಹೆಡ್‌ಫೋನ್ ಹಾಕಿಕೊಂಡರು. ಅವಳು ನಡೆದಳು. ಅದು ಮುಗಿದಾಗ ಅವರು ತಿರುಗಿ ನೋಡಿದರಂತೆ, ಕಣ್ಣಲ್ಲಿ ನೀರಿತ್ತಂತೆ.

ಆಮೇಲೆ ಅವರಿಗೆ ತಾವೇ ಬರೆಸಿಟ್ಟ ಅಕ್ಷರ ನೆನಪಾಯಿತು. "ಅಕ್ಕ, ಹೆಸರು ಹಾಕೋಕಾಗಲ್ಲ. ಯಾರಿಗೂ ಹೇಳೋ ಹಾಗೂ ಇಲ್ಲ" ಎಂದು ಕೈಮುಗಿದರು.

"ಹೆಸರು ಕಣ್ಣಿಗೆ ಕಾಣ್ದೇ ಇದ್ರೆ ಹೋಗ್ಲಿ ಬಿಡಪ್ಪ. ಕಿವಿಗೆ ಕೇಳ್ಸತ್ತಲ್ಲ" ಎಂದು ಅಮ್ಮ ಶೂ ಬಿಚ್ಚಿಟ್ಟಳು.

*

ಚಹಾ ಕೋಣೆಯಿಂದ ಹೊರಬಂದ ಮಗಳಿಗೆ ಓಣಿಯ ತುದಿಯ ಬೆಂಚಿನ ಮೇಲೆ ಒಬ್ಬ ಮುದುಕ ಕೂತಿರುವುದು ಕಂಡಿತು. ಎಲ್ಲರೂ ಒಳಗೆ ಹೋಗಿದ್ದರೂ ಈತ ಹೋಗಿರಲಿಲ್ಲ. ಇಸ್ತ್ರಿ ಮಾಡಿದ ಕೋಟು, ಮುಖ ಕಾಣುವಷ್ಟು ತಿಕ್ಕಿದ ಕರಿ ಶೂ. ಆ ಮುಖವನ್ನು ಅವಳು ಎಷ್ಟೋ ಸಲ ನೋಡಿದ್ದಳು, ತೆರೆಯ ಮೇಲೆ.

"ನೀವು... ಅವರಲ್ವಾ?"

"ಹೌದಮ್ಮ, ನಾನೇ ಕಳ್ಳ" ಎಂದು ಆತ ಎದ್ದು ನಿಂತು ನಮಸ್ಕಾರ ಮಾಡಿದ. "ಒಳಗೆ ಬಂದ್ರೆ ಜನ ನನ್ನ ಸುತ್ತ ಸೇರ್ತಾರೆ, ಫೋಟೋ ಅದೂ ಇದೂ ಅಂತಾರೆ. ಇವತ್ತು ಆಯಮ್ಮನ ದಿನ. ಎಲ್ಲಾ ಮುಗೀಲಿ, ಆಮೇಲೆ ಒಂದ್ಸಲ ನೋಡ್ಕೊಂಡು ಹೋಗ್ತೀನಿ."

"ಅಮ್ಮ ನಿಮಗೆ ಹೇಗೆ ಗೊತ್ತು?"

ಆತ ಅವಳ ಮುಖವನ್ನು ಅಳೆಯುವಂತೆ ನೋಡಿದ. "ನಿಮಗೆಷ್ಟು ಗೊತ್ತೋ ನನಗೆ ಗೊತ್ತಿಲ್ಲ."

"ಎಲ್ಲಾ ಗೊತ್ತು. ಒಂದೇ ಒಂದು ಗೊತ್ತಿಲ್ಲ. ಸಿನಿಮಾಗೆ ಪ್ರಶಸ್ತಿ ಕೊಟ್ಟಾಗ ನಿಮ್ಮನ್ನ ವೇದಿಕೆಗೆ ಕರೆದು ಆ ಹೆಜ್ಜೆ ನಿಮ್ಮದೇನಾ ಅಂತ ಕೇಳಿದ್ರಲ್ಲ, ನನ್ನದೇ ಅಂತ ಯಾಕೆ ಸುಳ್ಳು ಹೇಳಿದ್ರಿ?"

ಮುದುಕ ನಕ್ಕ. ಅವಳಿಗೂ ಕೂರಲು ಜಾಗ ಬಿಟ್ಟು ತಾನೂ ಕೂತ.

"ಅಮ್ಮ, ಅವತ್ತು ಬ್ಯಾಂಕಿಗೆ ನಾನು ಹಾಕ್ಕೊಂಡು ಹೋಗಿದ್ದು ಬಟ್ಟೆ ಶೂ. ಅದೂ ಹರಿದಿದ್ದು. ಒಂದರ ಅಡಿ ಕಿತ್ತುಬಂದು ದಾರ ಕಟ್ಟಿದ್ದೆ. ಓಡಿದ್ರೆ ಮುಗ್ಗರಿಸಿ ಬಿದ್ದೇ ಬಿಡ್ತಿದ್ದೆ, ಅದಕ್ಕೇ ಓಡ್ಲಿಲ್ಲ! ಧೈರ್ಯನೂ ಇಲ್ಲ, ಮಣ್ಣೂ ಇಲ್ಲ. ಜೈಲಿಂದ ಬಂದ್ಮೇಲೆ ಸಿನಿಮಾ ನೋಡಿದೆ. ನೋಡಿದ್ರೆ ಅಲ್ಲಿ ನಾನು ರಾಜನ ಹಾಗೆ ಬರ್ತಾ ಇದೀನಿ! ಠಕ್ಕು ಠಕ್ಕು ಅಂತ! ಯಾವ ಕಳ್ಳ ಸದ್ದು ಮಾಡೋ ಶೂ ಹಾಕ್ಕೊಂಡು ಹೋಗ್ತಾನಮ್ಮ? ಇವರು ಸದ್ದಿನ ಜನ, ಇವರಿಗೆ ಅದು ಹೊಳೀಲೇ ಇಲ್ಲ ನೋಡಿ."

ಮಗಳು ನಕ್ಕುಬಿಟ್ಟಳು. ಬೆಳಗಿನಿಂದ ಅದೇ ಮೊದಲು.

"ಹುಟ್ಟಿದಾಗಿಂದ ಯಾರೂ ನನ್ನ ಅಷ್ಟು ದೊಡ್ಡ ಮನುಷ್ಯನ ಹಾಗೆ ಕಂಡಿರಲಿಲ್ಲ. ವೇದಿಕೆ ಮೇಲೆ ಕೇಳಿದಾಗ, ನಂದಲ್ಲ ಅನ್ನೋಕೆ ಮನಸ್ಸು ಬರ್ಲಿಲ್ಲ. ನಂದೇ ಅಂದುಬಿಟ್ಟೆ. ಮಾರನೇ ದಿನ ಟಿವಿಯವರು ಬಂದು ಸ್ವಲ್ಪ ನಡೆದು ತೋರ್ಸಿ ಅಂದ್ರು. ನಾಳೆ ಬನ್ನಿ ಅಂತ ಕಳಿಸಿ, ಸಿನಿಮಾಗೆ ಸದ್ದು ಎಲ್ಲಿ ಕೂಡಿಸ್ತಾರೆ ಅಂತ ಕೇಳ್ಕೊಂಡು ಕೇಳ್ಕೊಂಡು ಇಲ್ಲಿಗೆ ಓಡಿಬಂದೆ. ಅವತ್ತು ಓಡಿದೆ ನೋಡಿ!"

*

ಅವತ್ತು ಕಲ್ಲಿನ ಪಟ್ಟೆಯ ಆ ತುದಿಯಲ್ಲಿ ಅಮ್ಮ, ಈ ತುದಿಯಲ್ಲಿ ಕಳ್ಳ. ಅವಳು ಅವನ ಭುಜದಷ್ಟು ಎತ್ತರವೂ ಇರಲಿಲ್ಲ. ಬಂದವನ ಕತೆಯನ್ನೆಲ್ಲ ಕೇಳಿ, ತಾನು ಹಾಕಿದ ಶೂ ತಪ್ಪೆಂದು ತಿಳಿದಾಗ ಅವಳು ಹಣೆ ಹಣೆ ಬಡಿದುಕೊಂಡು ನಕ್ಕಿದ್ದಳು. ಆಮೇಲೆ ನಗು ನಿಲ್ಲಿಸಿ, "ಈಗ ಸಿನಿಮಾ ತಿದ್ದೋಕಾಗಲ್ಲ, ನಿನ್ನನ್ನೇ ತಿದ್ದಬೇಕು. ನಡಿ ನೋಡೋಣ" ಎಂದಳು.

ಅವನು ನಡೆದ. ಗೋಡೆಗಂಟಿ ಹೋಗುವ ಬೆಕ್ಕಿನ ನಡಿಗೆ.

"ಇದೇನು, ನೆಲಕ್ಕೆ ನೋವಾಗತ್ತೆ ಅನ್ನೋ ಹಾಗೆ ನಡೀತೀಯಲ್ಲ? ಹಿಮ್ಮಡಿ ಮೊದಲು ಊರು. ಭಾರ ಎಲ್ಲಾ ಹಿಂದಕ್ಕೆ ಬಿಡು. ಜಗತ್ತು ಬೇಕಾದ್ರೆ ಪಕ್ಕಕ್ಕೆ ಸರಕೊಳ್ಳಲಿ, ನೀನು ಸರೀಬೇಡ."

"ಬರಲ್ಲಮ್ಮ ನನಗೆ."

"ಬರತ್ತೆ. ನನ್ನ ನೋಡ್ಕೊ. ಕಾಲೊಂದೇ ಅಲ್ಲ, ಕೈ ಎಲ್ಲಿದೆ, ಬೆನ್ನು ಎಲ್ಲಿದೆ ಎಲ್ಲಾ ನೋಡ್ಕೊ. ನಾನು ಮಾಡೋದ್ರಲ್ಲಿ ಒಂದನ್ನೂ ಬಿಡಬೇಡ."

ರೆಕಾರ್ಡಿಂಗಿನ ದಿನ ನಡೆದ ಹಾಗೆಯೇ ಅವಳು ಮುಂದೆ ನಡೆದಳು, ಅವನು ಹಿಂದೆ ನಡೆದ. ಊಟದ ಹೊತ್ತು ಮೀರಿದರೂ ಅವಳು ಬಿಡಲಿಲ್ಲ. ಕೊನೆಗೆ ಕಣ್ಣು ಮುಚ್ಚಿಕೊಂಡು ಕೇಳಿ, "ಹೂಂ, ಈಗ ಹೋಗಪ್ಪ" ಎಂದಳು.

*

"ಆಮೇಲೆ ಆ ನಡಿಗೆ ನನ್ನ ಬಿಡ್ಲೇ ಇಲ್ಲ. ಅಷ್ಟು ಸದ್ದು ಮಾಡ್ಕೊಂಡು ಕದಿಯೋಕಾಗತ್ತಾ ನೀವೇ ಹೇಳಿ!" ಎಂದ ಮುದುಕ. "ದೊಡ್ಡ ಹೋಟೆಲಲ್ಲಿ ಬಾಗಿಲು ತೆಗೆಯೋ ಕೆಲಸ ಸಿಕ್ತು. ನಡಿಗೆ ನೋಡೇ ಕೊಟ್ರು. ಮದುವೆ ಆಯ್ತು, ಮಕ್ಕಳಾದ್ರು. ಎಲ್ಲಾ ಆಯಮ್ಮನ ಕಾಲಿನ ಪುಣ್ಯ. ಜೈಲಲ್ಲಿ ಬುದ್ಧಿ ಹೇಳಿದ್ರು, ಇಲ್ಲಿ ನಡೆಯೋಕೆ ಹೇಳ್ಕೊಟ್ರು."

ಒಳಗಿನಿಂದ ಸೌಂಡ್ ಮಾಮ ಕೈಬೀಸಿ ಕರೆದ. ಮಗಳು ಎದ್ದಳು. ತಾನು ಹೇಳಬೇಕೆಂದಿದ್ದ ಮಾತು ಈಗ ಅವಳೊಳಗೆ ಮೊದಲಿಗಿಂತ ದೊಡ್ಡದಾಗಿತ್ತು.

ನಿರ್ದೇಶಕರು ಮಾತಾಡಲು ನಿಂತರು. ಮೌನ ಸೇವೆ ಎಂದರು, ಎಲೆಮರೆಯ ಕಾಯಿ ಎಂದರು, ತುಂಬಲಾರದ ನಷ್ಟ ಎಂದರು. ಒಮ್ಮೆ ಮಗಳ ಕಡೆ ನೋಡಿದರು. ತುಟಿ ಅಲುಗಿತು. ಮತ್ತೆ ನೆಲ ನೋಡುತ್ತ ಕೂತುಬಿಟ್ಟರು.

ಮಗಳು ಎದ್ದು ನಿಂತಳು. ಅವಳ ಗಂಟಲಿಗೂ ಆ ಕೋಣೆ ಜಗ್ಗಲಿಲ್ಲ, ಮಾತು ಸಣ್ಣದಾಗಿ ಕೇಳಿಸಿತು. ಆದರೆ ನೆಟ್ಟಗೆ ಕೇಳಿಸಿತು.

"'ಓಡದ ಕಳ್ಳ' ಸಿನಿಮಾದಲ್ಲಿ ಬ್ಯಾಂಕಿಗೆ ನಡೆದು ಬರೋದು ನಮ್ಮಮ್ಮ. ಆ ಹೆಜ್ಜೆ ಕಳ್ಳಂದಲ್ಲ, ನಮ್ಮಮ್ಮಂದು. ಹೆಸರು ಹಾಕ್ಲಿಲ್ಲ, ಅವರೂ ಕೇಳ್ಲಿಲ್ಲ. ಇವತ್ತಾದ್ರೂ ನಿಮಗೆಲ್ಲಾ ಗೊತ್ತಾಗ್ಲಿ ಅಂತ ಹೇಳ್ತಿದೀನಿ."

ಅವಳು ಕಾದಳು. ಮೊದಲ ಸಾಲಿನಲ್ಲಿದ್ದ ಮುದಿ ಸಂಕಲನಕಾರ ಕೆಮ್ಮಿ, ಮುಜುಗರದಿಂದ ಅತ್ತಿತ್ತ ನೋಡಿದ.

"ಅದು... ನನಗೆ ಗೊತ್ತಿತ್ತಮ್ಮ. ಮೊದಲನೇ ಸಲ ಕೇಳ್ದಾಗ್ಲೇ ಗೊತ್ತಾಯ್ತು. ಅಕ್ಕನ ಹೆಜ್ಜೆ ನನಗೆ ಗೊತ್ತಾಗಲ್ವಾ?"

"ನನಗೂ ಗೊತ್ತಿತ್ತು" ಎಂದ ಮೈಕಿನವನು.

"ನನಗೂ" ಎಂದಳು ಡಬ್ಬಿಂಗಿನವಳು. "ನನಗೊಬ್ಬಳಿಗೇ ಅಂದ್ಕೊಂಡಿದ್ದೆ. ಅಕ್ಕ ಸುಮ್ನಿದಾರೆ ಅಂದ್ರೆ ನಾನ್ಯಾಕೆ ಬಾಯಿಬಿಡ್ಲಿ ಅಂತ ಸುಮ್ನಿದ್ದೆ."

ಸಾಲು ಸಾಲಾಗಿ ತಲೆಗಳು ಆಡಿದವು. ಒಬ್ಬರನ್ನೊಬ್ಬರು ನೋಡಿಕೊಂಡರು. ಅಷ್ಟು ವರ್ಷ ಅಷ್ಟು ಜನ ಒಬ್ಬರಿಗೊಬ್ಬರು ತಿಳಿಯದಂತೆ ಅದೇ ಗುಟ್ಟನ್ನು ಕಾಪಾಡಿಕೊಂಡು ಬಂದಿದ್ದರು. ಮಗಳು ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಮ್ಮನ ಹೆಸರು ಎಲ್ಲೂ ಇಲ್ಲವೆಂದು ತಾನು ಮರುಗಿದ್ದೇ ಬಂತು, ಅದು ಇಲ್ಲಿ ಕೂತ ಒಬ್ಬೊಬ್ಬರ ಕಿವಿಯಲ್ಲೂ ಇತ್ತು. ಚಿಕ್ಕಮ್ಮ ಪಕ್ಕದವಳ ಮಂಡಿ ತಟ್ಟಿ, "ನನ್ನಕ್ಕ ಕಣಮ್ಮ ಅವಳು, ಸ್ವಂತ ಅಕ್ಕ" ಎಂದದ್ದು ಎಲ್ಲರಿಗೂ ಕೇಳಿಸಿತು.

ನಿರ್ದೇಶಕರು ಮೆಲ್ಲಗೆ ಎದ್ದರು. "ಹಾಗಾದ್ರೆ ಗೊತ್ತಿಲ್ಲ ಅಂದ್ಕೊಂಡಿದ್ದೋನು ನಾನೊಬ್ಬನೇ" ಎಂದರು. ಗಡ್ಡ ನೆನೆದಿತ್ತು. "ಆ ಅಕ್ಷರ ತೆಗೆಸ್ತೀನಿ ಮಗಳೇ. ಅದೇ ಜಾಗಕ್ಕೆ ಅಕ್ಕನ ಹೆಸರು ಬರತ್ತೆ. ಕೇಳೋರು ಕೇಳ್ಲಿ, ಬೈಯೋರು ಬೈಲಿ. ನನ್ನ ತಪ್ಪನ್ನ ಹೊಟ್ಟೆಗೆ ಹಾಕ್ಕೊಳ್ಳಿ." ಕೊನೆಯ ಮಾತನ್ನು ಅವರು ಹೇಳಿದ್ದು ಮಗಳಿಗಲ್ಲ, ಮೇಜಿನ ಮೇಲೆ ಮಲಗಿದ್ದವಳಿಗೆ.

ಮಗಳು ಬಾಗಿಲಿಗೆ ಹೋಗಿ ಹೊರಗಿನ ಬೆಂಚಿನತ್ತ ಕೈ ಮಾಡಿದಳು. "ಬನ್ನಿ. ನಡೆದೇ ಬನ್ನಿ."

ಮುದುಕ ಹೊಸ್ತಿಲಲ್ಲಿ ನಿಂತು ಕೋಟಿನ ಗುಂಡಿ ಹಾಕಿಕೊಂಡ. ಬಾಗಿಲಿನಿಂದ ಅಮ್ಮನವರೆಗೂ ಕಲ್ಲಿನ ಪಟ್ಟೆ ಉದ್ದಕ್ಕೆ ಹಾಸಿತ್ತು. ಅವನು ಹಿಮ್ಮಡಿ ಊರಿದ.

ಮೊದಲ ಹೆಜ್ಜೆಗೇ ಕೋಣೆಯ ತಲೆಗಳೆಲ್ಲ ಎದ್ದವು. ಯಾರೂ ಅವನ ಮುಖ ನೋಡಲಿಲ್ಲ. ಒಬ್ಬೊಬ್ಬರಾಗಿ ಕಣ್ಣು ಮುಚ್ಚಿಕೊಂಡರು. ಭಾರವಾದ, ಬಿಡುಬೀಸಾದ ಅದೇ ಹೆಜ್ಜೆಗಳು ಆ ಕಲ್ಲಿನ ಮೇಲೆ ಮತ್ತೆ ಬಿದ್ದವು. ಮಗಳು ಮಾತ್ರ ಕಣ್ಣು ತೆರೆದೇ ಇದ್ದಳು. ಸೌಂಡ್ ಮಾಮ ಅವಳ ಪಕ್ಕಕ್ಕೆ ಬಂದು ನಿಂತ.

"ನಿಮ್ಮಮ್ಮ ಹೇಳಿರ್ಲಿಕ್ಕಿಲ್ಲ" ಎಂದು ಅವಳ ಕಿವಿಯಲ್ಲಿ ಪಿಸುಗುಟ್ಟಿದ. "ಅಷ್ಟು ಜನ ಗಂಡಸರು ನಡೆದ್ರೂ ಬರ್ದೇ ಇದ್ದ ಗತ್ತು ಇವಳಿಗೆ ಹೇಗೆ ಬಂತು ಅಂತ ನಿಂಗೂ ಅನ್ಸಿರಬಹುದು. ಅವತ್ತು ರೆಕಾರ್ಡ್ ಮಾಡಿದಾಗ ಅವಳಿಗೆ ದಿನ ತುಂಬಿತ್ತು ಕಣಮ್ಮ. ಹೊಟ್ಟೇಲಿ ನೀನಿದ್ದೆ."

ಮಗಳು ಮುದುಕನನ್ನು ನೋಡಿದಳು. ಆತ ಅಮ್ಮನ ಮುಂದೆ ಬಂದು ನಿಂತಿದ್ದ. ಉಬ್ಬಸ ಬಂದಿತ್ತು. ಕಲಿಸಿದವಳು ಕಲಿಸಿದ್ದರಲ್ಲಿ ಒಂದನ್ನೂ ಬಿಡದೆ, ಬೆನ್ನನ್ನು ತುಸು ಹಿಂದಕ್ಕೆ ವಾಲಿಸಿ, ಒಂದು ಅಂಗೈಯನ್ನು ನಡುವಿಗೆ ಊರಿಕೊಂಡ. ಇನ್ನೊಂದನ್ನು ಮೆಲ್ಲಗೆ ಹೊಟ್ಟೆಯ ಮೇಲಿಟ್ಟುಕೊಂಡ.